ಮಾಸ್ತರರ ಬಲಗಾಲು

ಹೋದ ತಿಂಗಳು ತೀರಿಕೊಂಡ ಮಾಸ್ತರರು, ತಮ್ಮ ಬಲಗಾಲು ತಮಗೆ ಕೈಕೊಟ್ಟಿತು ಎಂದು ನಂಬಿಕೊಂಡೇ ಹೋದರು. ಅದು ನಿಜವಲ್ಲ. ಕೈಕೊಟ್ಟವನು ನಾನು. ಈ ಮಾತನ್ನು ಅವರ ಮುಂದೆ ಹೇಳಲು ನನಗೆ ವರ್ಷಗಟ್ಟಲೆ ಸಮಯವಿತ್ತು, ಹೇಳಲಿಲ್ಲ. ಮಣ್ಣಿಗೆ ಹೋದ ದಿನ ಅವರ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದನ್ನು ನೋಡಿದೆ. ನೋಡಲಾಗದೆ ಹೊರಗೆ ಬಂದು ನಿಂತೆ. ಅವರ ಹೆಂಡತಿ ನಾನು ದುಃಖದಿಂದ ಎದ್ದು ಹೋದೆ ಎಂದುಕೊಂಡರು.

ಮಾಸ್ತರರು ಎಂದರೆ ಶಾಲೆಯ ಮಾಸ್ತರರಲ್ಲ. ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಆಚೆ ಒಂದೇ ಒಂದು ಹಳೇ ಕಾರಿಟ್ಟುಕೊಂಡು ಡ್ರೈವಿಂಗ್ ಕಲಿಸುತ್ತಿದ್ದರು. ಆಳಂದದ ಕಡೆಯವರು. ಇಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ನೌಕರರ ಬಸ್ಸು ಓಡಿಸಿ, ನಿವೃತ್ತರಾದ ಮೇಲೆ ಈ ಕೆಲಸ ಹಿಡಿದಿದ್ದರು. ನಾನು ಹುಮನಾಬಾದ್ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ ಹೈದರಾಬಾದಿಗೆ ಬಂದವನು ಬ್ರೇಕ್ ಕೆಲಸ ಕಲಿತು ಅದೇ ರಸ್ತೆಯಲ್ಲಿ ಸಣ್ಣ ಗ್ಯಾರೇಜ್ ಹಾಕಿದ್ದೆ. ಊರ ಕಡೆಯ ಮಾತು ಕಿವಿಗೆ ಬಿದ್ದ ದಿನದಿಂದ ಅವರು ನನ್ನನ್ನು 'ತಮ್ಮಾ' ಎಂದರು. ಆಮೇಲೆ ತಮ್ಮ ಕಾರನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ಬಹಳ ಜಂಬದ ಮನುಷ್ಯ. ಬಿಳಿ ಅಂಗಿ, ಕಾಲರಿನೊಳಗೆ ಮಡಚಿಟ್ಟ ಕರವಸ್ತ್ರ, ಬಾಯಲ್ಲಿ ಯಾಲಕ್ಕಿ. ಒಮ್ಮೆ ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ ನಾವಿಬ್ಬರೂ ನಿಂತಿದ್ದೆವು. ಒಂದು ಬಸ್ಸು ಬಂದು ಜಗ್ಗಿ ನಿಂತಿತು. "ಇವಗ ಮನ್ಯಾಗ ಜಗಳ ಆಗೇತಿ," ಎಂದರು ಚಾಲಕನತ್ತ ನೋಡಿ. ಇನ್ನೊಂದು ಬಂತು, ನಿಂತದ್ದೇ ಗೊತ್ತಾಗಲಿಲ್ಲ. "ಇವ ನೋಡು, ಹೊಟ್ಟಿ ತುಂಬ ಉಂಡು ಬಂದಾನ." ಮೂರನೆಯ ಬಸ್ಸು ನಿಲ್ಲದೆಯೇ ಹೋಯಿತು. "ಇವಂದು?" ಎಂದು ಕೇಳಿದೆ. "ಇಂವಗ ಲಗ್ನನ ಆಗಿಲ್ಲ," ಎಂದು ಹೇಳಿ ತಾವೇ ಜೋರಾಗಿ ನಕ್ಕರು.

ಅವರ ಪ್ರಕಾರ ಕಾರಿನ ಎಲ್ಲ ಕಾಯಿಲೆಗೂ ಕಾರಣ ಕಾಲು. ಕ್ಲಚ್ ಸವೆದರೂ ಕಾಲು, ಟೈರು ಸವೆದರೂ ಕಾಲು. ಕಲಿಯಲು ಬಂದವರಿಗೆ ಮೊದಲ ವಾರ ಚಪ್ಪಲಿ ಬಿಡಿಸುತ್ತಿದ್ದರು. ದೊಡ್ಡ ಆಫೀಸರನ ಹೆಂಡತಿಯಿರಲಿ, ಕಾಲೇಜಿನ ಹುಡುಗನಿರಲಿ, ಬರಿಗಾಲಲ್ಲೇ ಪೆಡಲ್ ಮುಟ್ಟಬೇಕು. ತಾವೂ ಪಕ್ಕದ ಸೀಟಿನಲ್ಲಿ ಬಲಗಾಲಿನ ಚಪ್ಪಲಿ ಬಿಟ್ಟು ಕೂರುತ್ತಿದ್ದರು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಮಾಸ್ತರರ ಕಾಲಿನ ಬಳಿಯೂ ಒಂದು ಬ್ರೇಕ್ ಪೆಡಲ್ ಇರುತ್ತದೆ. ಅವರ ಬರಿಗಾಲು ಅದರ ಮೇಲೆ ಸದಾ ಕೂತಿರುತ್ತಿತ್ತು, ಮಲಗಿದ ಮಗುವಿನ ಬೆನ್ನ ಮೇಲೆ ಕೈಯಿಟ್ಟಂತೆ. "ಕಾಲಿಗೆ ಬ್ರೇಕ್ ಮಾತಾಡೂದು ಕೇಳಬೇಕು. ನಡುವ ರಬ್ಬರ ಚಪ್ಲಿ ಇಟ್ರ ಹೆಂಗ ಕೇಳ್ತೈತಿ?" ಎನ್ನುವರು. ಚೆನ್ನಾಗಿ ಓಡಿಸಿದವರನ್ನು ತೆಲುಗಿನಲ್ಲಿ ಹೊಗಳುತ್ತಿದ್ದರು. ಬೈಗುಳಕ್ಕೆ ಹಿಂದಿ ಉರ್ದು ಎರಡೂ ಬೆರೆತ ಇಲ್ಲಿಯ ಮಾತು: "ಕ್ಯಾ ಮಿಯಾ, ಪಾಂವ್ ಸೋಗಯಾ ಕ್ಯಾ?" ಏನಪ್ಪಾ, ಕಾಲು ನಿದ್ದೆ ಹೋಯಿತೇ ಎಂದು. ಕನ್ನಡ ಬರುತ್ತಿದ್ದದ್ದು ನನ್ನ ಜೊತೆ, ಹೆಂಡತಿಯ ಜೊತೆ, ಮತ್ತೆ ಹೆದರಿದಾಗ.

ಇನ್ನು ನನ್ನ ತಪ್ಪಿನ ಮಾತು.

ಒಂದು ದಿನ ಅವರ ಕಾರು ನನ್ನ ಗ್ಯಾರೇಜಿಗೆ ಬಂತು, ಹಿಂದಿನ ಬ್ರೇಕ್ ಸೋರುತ್ತಿತ್ತು. ಹಳೇ ಕಾರುಗಳಲ್ಲಿ ಹಿಂದಿನ ಗಾಲಿಯೊಳಗೆ ಒಂದು ಕಬ್ಬಿಣದ ಡ್ರಮ್ ಇರುತ್ತದೆ. ಅದರೊಳಗೆ ಬಿಲ್ಲಿನಂತೆ ಬಾಗಿದ ಎರಡು ಬ್ರೇಕ್ ಶೂ. ಪೆಡಲ್ ಒತ್ತಿದರೆ ಅವು ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಹಿಡಿಯುತ್ತವೆ, ಬಿಟ್ಟರೆ ಸ್ಪ್ರಿಂಗ್ ಅವನ್ನು ವಾಪಸ್ ಎಳೆಯುತ್ತದೆ. ಅವತ್ತು ನಾನು ಶೂ ಬದಲಿಸಿದೆ, ಶೂಗಳನ್ನು ತಳ್ಳುವ ಸಿಲಿಂಡರ್ ಬದಲಿಸಿದೆ. ಬಲಗಡೆಯ ಗಾಲಿಯಲ್ಲಿ ಇನ್ನೊಂದು ಸಾಮಾನೂ ಹಳತಾಗಿತ್ತು. ಆಕ್ಸಲಿನ ಗೇರ್ ಆಯಿಲ್ ಡ್ರಮ್ಮಿನೊಳಗೆ ಬರದಂತೆ ತಡೆಯುವ ರಬ್ಬರಿನ ಬಳೆ, ಅದಕ್ಕೆ ಸೀಲ್ ಎನ್ನುತ್ತೇವೆ. ಆ ಕಾರಿನ ಸೀಲ್ ಇಲ್ಲಿ ಸಿಗುತ್ತಿರಲಿಲ್ಲ, ನಗರದ ಆ ತುದಿಯ ಹಳೇ ಊರಿನ ಬಿಡಿಭಾಗದ ಅಂಗಡಿಗಳಿಗೆ ಹೋಗಬೇಕಿತ್ತು. ಮಾಸ್ತರರಿಗೆ ಮರುದಿನ ಮುಂಜಾನೆ ಪಾಠವಿತ್ತು.

ಇಂಥ ಹೊತ್ತಿಗೆ ನಮ್ಮವರು ಮಾಡುವ ಒಂದು ಕೆಲಸವಿದೆ. ಸೀಲಿನೊಳಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಇರುತ್ತದೆ. ಅದನ್ನು ತೆಗೆದು, ಒಂದಿಷ್ಟು ಕತ್ತರಿಸಿ, ಮತ್ತೆ ಜೋಡಿಸಿದರೆ ಹಳೇ ರಬ್ಬರು ಆಕ್ಸಲನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಕೆಲವು ಸಲ ವರ್ಷ ನಡೆಯುತ್ತದೆ, ಕೆಲವು ಸಲ ವಾರ. ನನಗೆ ಈ ಕೈಚಳಕದ ಮೇಲೆ ಹೆಮ್ಮೆಯಿತ್ತು. ಮಾಡಿಬಿಟ್ಟೆ.

ತೆಗೆದ ಹಳೇ ಸಾಮಾನನ್ನು ಕಾಗದದಲ್ಲಿ ಸುತ್ತಿ ಗಿರಾಕಿಗೆ ಕೊಡುವುದು ನಮ್ಮಲ್ಲಿ ರೂಢಿ. ಬದಲಿಸಿದ್ದೇವೆ ಎನ್ನುವುದಕ್ಕೆ ಅದೇ ಸಾಕ್ಷಿ. ಮಾಸ್ತರರಿಗೂ ಪೊಟ್ಟಣ ಕೊಟ್ಟೆ. ಅದರಲ್ಲಿ ಸೀಲ್ ಇರಲಿಲ್ಲ.

"ಎಲ್ಲಾ ಹೊಸಾದ ಹಾಕಿ ಏನ ತಮ್ಮಾ?"

"ಹ್ಞೂಂರಿ ಮಾಸ್ತರ. ನೋಡ್ರಿ ಬೇಕಾದ್ರ."

"ಏನ್ ನೋಡ್ಲಿ? ನೀ ಹಾಕೀನಿ ಅಂದಿ, ಮುಗೀತು," ಎಂದು ಪೊಟ್ಟಣವನ್ನು ಬಿಚ್ಚದೆ ಅಲ್ಲೇ ಕಬ್ಬಿಣದ ರಾಶಿಯ ಮೇಲೆ ಎಸೆದರು.

ಆ ದಿನಗಳಲ್ಲಿ ಅವರ ಬಳಿ ಕಲಿಯಲು ಒಂದು ಹುಡುಗಿ ಬರುತ್ತಿದ್ದಳು. ಸೇಡಂ ಕಡೆಯವಳು. ಅಪ್ಪ ಅವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಸ್ಟೇಷನ್ ಹಿಂದಿನ ತಗಡಿನ ಮನೆಗಳಲ್ಲಿ ಅವರ ವಾಸ. ಇವಳು ಮನೆಗೆಲಸಕ್ಕೆ ಹೋಗುತ್ತಿದ್ದಳು. ಶಾಲೆಯ ವ್ಯಾನ್ ಓಡಿಸುವ ಕೆಲಸಕ್ಕೆ ಸೇರಬೇಕೆಂಬ ಆಸೆ. ಮಾಸ್ತರರಿಗೆ ಅವಳ ಬಗ್ಗೆ ಭಾರೀ ಅಭಿಮಾನ. "ತಮ್ಮಾ, ಅಕಿ ಕಾಲು ನೋಡಬೇಕ ನೀ. ಹುಟ್ಟಾ ಕಲ್ತು ಬಂದಂಗ ಐತಿ. ಇಂಥಾ ಕಾಲು ನಾ ನೋಡೇ ಇಲ್ಲ. ನಂದ ಒಂದು ಬಿಟ್ರ," ಎನ್ನುತ್ತಿದ್ದರು. ತಮ್ಮನ್ನು ಬಿಟ್ಟುಕೊಡುವವರಲ್ಲ.

ಒಂದು ಮಧ್ಯಾಹ್ನ ಗಚ್ಚಿಬೌಲಿಯವರೆಗೆ ಹೋಗಿ ವಾಪಸ್ ಬರುವಾಗ, ಸ್ಟೇಷನ್ ತಿರುವಿನಲ್ಲಿ ಅವಳು ಬ್ರೇಕ್ ಒತ್ತಿದಳು. ಹಿಂದಿನ ಗಾಲಿ ತಿರುಗದೆ ಕಚ್ಚಿಕೊಂಡಿತು. ಕಾರಿನ ಹಿಂಭಾಗ ಜಾರಿ, ಅಡ್ಡ ತಿರುಗಿ, ಮೆಕ್ಕೆಜೋಳ ಸುಡುವವನ ತಳ್ಳುಗಾಡಿಗೆ ಬಡಿಯಿತು. ತೆನೆ, ಕೆಂಡ ಎಲ್ಲ ರಸ್ತೆಯ ಪಾಲು. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಗ್ಯಾರೇಜಿನಿಂದ ಕಾಣುವಷ್ಟು ಹತ್ತಿರ. ಓಡಿಹೋದೆ.

ಮಾಸ್ತರರು ಹುಡುಗಿಯನ್ನು ಕಾರಿನಿಂದ ಇಳಿಸಿ ಬೈಯುತ್ತಿದ್ದರು. ಕನ್ನಡದಲ್ಲಿ.

"ಅದು ಬ್ರೇಕ್ ಐತ್ಯೋ, ಹಾವಿನ ತಲಿ ಐತ್ಯೋ? ಹಂಗ್ಯಾಕ ತುಳದಿ?"

"ಸರ, ನಾ ಮೆತ್ತಗ ಒತ್ತೀನ್ರಿ. ದೇವರಾಣಿ, ಮುಟ್ಟೀನಿ ಅಷ್ಟ."

"ಮುಟ್ಟಿದ್ರ ಗಾಲಿ ಕಚ್ಚತೈತಿ? ನಲವತ್ತು ವರ್ಷ ಸ್ಟೇರಿಂಗ್ ಹಿಡದವನಿಗೆ ಹೇಳ್ತಿ? ನಿನ್ನ ಕಾಲಿಗೆ ಗಾಡಿ ಅಲ್ಲ. ನಾಳಿಂದ ಬರಬ್ಯಾಡ."

ಸುತ್ತ ಜನ ಸೇರಿದ್ದರು. ಅವಳು ಕಾರಿನೊಳಗೆ ಕೈಹಾಕಿ ಸೀಟಿನ ಕೆಳಗಿದ್ದ ಚಪ್ಪಲಿ ತೆಗೆದುಕೊಂಡಳು. ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ನಡೆದು ಹೋದಳು.

ಕಾರನ್ನು ನನ್ನ ಗ್ಯಾರೇಜಿಗೆ ತಂದರು. ನನಗೆ ಬೇರೊಂದು ಗಾಡಿಯ ಕೆಲಸವಿತ್ತು, ನೋಡಿದ್ದು ಸಂಜೆ. ಹಿಂದಿನ ಗಾಲಿ ಕಚ್ಚಿದರೆ ಹುಡುಕುವ ಕ್ರಮ ಹೀಗೆ. ಗಾಡಿಯನ್ನು ಜಾಕಿನ ಮೇಲೆತ್ತಿ ಗಾಲಿಯನ್ನು ಕೈಯಲ್ಲಿ ತಿರುಗಿಸಬೇಕು. ಬಿಗಿಯಿದ್ದರೆ ಬ್ರೇಕ್ ಎಣ್ಣೆಯ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಬೇಕು. ಆಗ ಗಾಲಿ ಬಿಟ್ಟರೆ ಎಣ್ಣೆಯ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಎಂದರ್ಥ, ಪೈಪು ನೋಡಬೇಕು. ಬಿಡದಿದ್ದರೆ ಹ್ಯಾಂಡ್‌ಬ್ರೇಕಿನ ಕೇಬಲ್ ಸಡಿಲಿಸಬೇಕು. ಅದಕ್ಕೂ ಬಿಡದಿದ್ದರೆ ಡ್ರಮ್ ಬಿಚ್ಚಲೇಬೇಕು. ನಾನು ಗಾಲಿ ತಿರುಗಿಸಿದೆ, ಸರಾಗ ತಿರುಗಿತು. ಕೇಬಲ್ ಸರಿಯಿತ್ತು, ಎಣ್ಣೆ ಸರಿಯಿತ್ತು. ಗಲ್ಲಿಯಲ್ಲಿ ಓಡಿಸಿ ನೋಡಿದೆ, ಕಚ್ಚಲಿಲ್ಲ. ಡ್ರಮ್ಮು ತುಕ್ಕು ಹಿಡಿದು ಕೂತಿತ್ತು. ಬಡಿದು ಬಡಿದು ಬಿಚ್ಚಬೇಕು. ಬಿಚ್ಚಲಿಲ್ಲ.

ತುಕ್ಕೇ ಕಾರಣ ಎಂದು ಬರೆದು ಮುಂದೆ ಹೋಗಬಹುದಿತ್ತು. ಆದರೆ ಅದೊಂದೇ ಅಲ್ಲ. ಸ್ಪ್ರಿಂಗ್ ಕತ್ತರಿಸಿದ ಸೀಲ್ ಅದೇ ಡ್ರಮ್ಮಿನ ಹಿಂದಿತ್ತು. ನನಗೆ ಅನುಮಾನ ಬಂದಿತ್ತು. ಎಣ್ಣೆ ಬಿದ್ದರೆ ಬ್ರೇಕ್ ಜಾರಬೇಕು, ಕಚ್ಚುವುದು ಹೇಗೆ ಎಂದು ಗೊತ್ತಿಲ್ಲದವರು ಕೇಳುತ್ತಾರೆ. ಪೂರ್ತಿ ತೊಯ್ದರೆ ಜಾರುವುದೂ ಉಂಟು. ಸ್ವಲ್ಪವೇ ಎಣ್ಣೆ ಕುಡಿದ ಶೂ ದೂರ ಓಡಿ ಬಿಸಿಯಾದರೆ ಅಂಟಾಗುತ್ತದೆ. ಮೆಲ್ಲಗೆ ಮುಟ್ಟಿದರೂ ಡ್ರಮ್ಮು ಅದನ್ನು ತನ್ನ ಜೊತೆ ಎಳೆದುಕೊಂಡು ಕಚ್ಚಿಬಿಡುತ್ತದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಣ್ಣಗಿನ ಗಾಡಿಯನ್ನು ನೋಡಿ ಹೇಳಿದೆ: "ಗಾಡ್ಯಾಗ ಏನೂ ಇಲ್ರಿ. ಕಾಲು ಭಾರ ಬಿದ್ದಿರಬೇಕು."

"ನಾ ಹೇಳಲಿಲ್ಲಾ?" ಎಂದು ಮಾಸ್ತರರು ಗೆದ್ದವರಂತೆ ನೋಡಿದರು.

ಆ ನಂತರದ ಒಂದು ದಿನ ಅವರು ನಡೆದುಕೊಂಡು ಗ್ಯಾರೇಜಿಗೆ ಬಂದರು. ಅವರನ್ನು ಕಾರಿಲ್ಲದೆ ಆ ರಸ್ತೆಯಲ್ಲಿ ನಾನು ನೋಡಿಯೇ ಇರಲಿಲ್ಲ. ಪಾಠ ಮುಗಿಸಿ ಒಬ್ಬರೇ ಬರುತ್ತಿದ್ದಾಗ ಬಸ್ಸೊಂದರ ಮುಂದೆ ಕಾರು ಅಡ್ಡ ತಿರುಗಿ ನಿಂತಿತ್ತು. ಬಸ್ಸಿನವನು ಹೇಗೋ ನಿಲ್ಲಿಸಿದ. ಕಾರನ್ನು ಅಲ್ಲೇ ಬದಿಗೆ ತಳ್ಳಿಸಿ ಬಂದಿದ್ದರು. ನನ್ನ ಸ್ಟೂಲಿನ ಮೇಲೆ ಕೂತು ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಹೆಬ್ಬೆರಳನ್ನು ಒತ್ತಿ ಒತ್ತಿ ನೋಡಿದರು. ಸಕ್ಕರೆ ಕಾಯಿಲೆ ಅವರಿಗೆ ಬಂದು ಕೆಲವು ವರ್ಷವಾಗಿತ್ತು.

"ತಮ್ಮಾ, ಡಾಕ್ಟರ್ ಬರಿಗಾಲಲೆ ಅಡ್ಡಾಡಬ್ಯಾಡ ಅಂದಿದ್ದ. ಕಾಲಿಗೆ ಜೋಮು ಬರ್ತೈತಿ, ಗೊತ್ತಾಗೂದಿಲ್ಲ ಅಂದಿದ್ದ. ನಾ ನಕ್ಕಿದ್ದೆ. ಇವತ್ತ ನಾ ಮೆತ್ತಗ ಮುಟ್ಟೀನಿ ಅಂತ ನನಗ ಅನಸತೈತಿ. ಆದ್ರ ಗಾಲಿ ಕಚ್ಚೇತಿ. ನಿಜ ಹೇಳು. ಗಾಡಿದ್ದ ಏನರ ಐತಿ?"

ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಮತ್ತೆ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಐತ್ರಿ ಎಂಬ ಒಂದೇ ಮಾತು ಸಾಕಿತ್ತು. ಅದನ್ನು ಹೇಳಿದರೆ ಸೀಲಿನ ಮಾತು ಹೇಳಬೇಕು, ಆ ಪೊಟ್ಟಣದ ಮಾತು ಹೇಳಬೇಕು. ಬಿಚ್ಚದೆ ಎಸೆದ ಮನುಷ್ಯನ ಮುಖ ನೋಡಬೇಕು.

"ಇಲ್ರಿ ಮಾಸ್ತರ," ಎಂದೆ. "ಗಾಡಿ ಚಲೋ ಐತಿ."

ಅವರು ಕಾಲನ್ನು ಮೆಲ್ಲಗೆ ಕೆಳಗಿಳಿಸಿದರು. "ಹಂಗಾರ ಮುಗೀತು," ಎಂದರು. ವಾದ ಮಾಡಲಿಲ್ಲ. ಅವರು ವಾದ ಮಾಡದೆ ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಕಾರಿನ ಬೀಗದ ಕೈ ತಂದುಕೊಟ್ಟರು. ಪಕ್ಕದ ಪೆಡಲ್ ತೆಗೆದು ಯಾರಿಗಾದರೂ ಮಾರಿಬಿಡು ಎಂದರು. ಮಾರುವ ಮೊದಲು ಡ್ರಮ್ ಬಿಚ್ಚಿದೆ. ತುಕ್ಕು ಅಂಥದ್ದೇನೂ ಇರಲಿಲ್ಲ, ನಾಲ್ಕು ಪೆಟ್ಟಿಗೆ ಬಂತು. ಒಳಗೆ ಶೂ ಕಪ್ಪಾಗಿ ಮಿರುಗುತ್ತಿತ್ತು. ಗೇರ್ ಆಯಿಲಿನ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಆ ಶೂ ಕೈಯಲ್ಲಿ ಹಿಡಿದು ಅವರ ಮನೆಗೆ ಓಡಬೇಕಿತ್ತು. ನಾನು ಮಾಡಿದ್ದು ಬೇರೆ. ಹಳೇ ಊರಿಗೆ ಹೋಗಿ ಹೊಸ ಸೀಲ್ ತಂದೆ, ಹೊಸ ಶೂ ಹಾಕಿದೆ, ಕಾರನ್ನು ಮಾರಿದೆ. ಅದು ಆಮೇಲೆ ಎಲ್ಲೂ ಕಚ್ಚಲಿಲ್ಲ.

ಅವರ ಹೆಂಡತಿ ನನಗೆ ಶೇಂಗಾ ಹೋಳಿಗೆ ಕಟ್ಟಿ ಕಳಿಸಿದರು. ದಾರಿಯಲ್ಲಿ ಸಿಕ್ಕಾಗ, "ಯಾರ ಮಾತೂ ಕೇಳದಂಥಾ ಮನಷಾ, ನಿನ್ನ ಒಂದ ಮಾತಿಗೆ ಗಾಡಿ ಬಿಟ್ರು ನೋಡಪಾ. ಪುಣ್ಯಾ ಕಟಗೊಂಡಿ," ಎಂದರು. ಆ ಮಾತಿನ ಹಿಂದೆ ಬಹಳ ದಿನ ಅಡಗಿ ಕೂತೆ. ವಯಸ್ಸಾಗಿತ್ತು, ಸಕ್ಕರೆಯಿತ್ತು, ಇವತ್ತಲ್ಲ ನಾಳೆ ಬಿಡಲೇಬೇಕಿತ್ತು, ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಒಂದು ಭಾನುವಾರ ಮಾಸ್ತರರು ನನ್ನನ್ನು ಕರೆದರು. "ಬಾ, ಸೇಡಮ್ಮಿನ ಹುಡುಗಿ ಮನೀಗೆ ಹೋಗಿ ಬರೂಣು. ಒಬ್ಬಾವಗ ಹೋಗಾಕ ಕಾಲು ಏಳವಲ್ದು."

ಜೊತೆಗೆ ಹೋದೆ. ತಗಡಿನ ಮನೆಗಳ ಸಾಲಿನಲ್ಲಿ ಅವರು ಬಿಳಿ ಅಂಗಿ ತೊಟ್ಟು ಬೂಟು ಹಾಕಿಕೊಂಡು ನಡೆಯುತ್ತಿದ್ದರು. ಹುಡುಗಿ ಹೊರಗೆ ಬಟ್ಟೆ ಒಗೆಯುತ್ತಿದ್ದಳು. ನಮ್ಮನ್ನು ನೋಡಿ ಎದ್ದು ಕೈ ಒರೆಸಿಕೊಂಡಳು. ಅವಳ ಅವ್ವ ಒಳಗಿನಿಂದ ಕುರ್ಚಿ ತಂದಿಟ್ಟಳು. ಮಾಸ್ತರರು ಕೂರಲಿಲ್ಲ.

"ನೋಡವಾ, ಅವತ್ತ ಬ್ರೇಕ್ ತುಳದಾಕಿ ನೀ ಅಲ್ಲ. ನಾನು. ನನ್ನ ಕಡೀನೂ ಪೆಡಲ್ ಇತ್ತು. ನನ್ನ ಕಾಲು ಜೋಮು ಹಿಡದೈತಿ, ನಾ ಒತ್ತಿದ್ದು ನನಗ ಗೊತ್ತಾಗಿಲ್ಲ. ನಿನಗ ಮಂದಿ ಮುಂದ ಬೈದೆ. ತಪ್ಪಾತು. ನಿನ್ನ ಕಾಲು ಭಾಳ ಚಲೋ ಐತಿ. ಬ್ಯಾರೆ ಸ್ಕೂಲಿಗೆ ಹೋಗು, ಕಲಿ. ನಾ ಹೇಳ್ತೀನಿ ಅವರಿಗೆ."

ಹೀಗೆ ಹೇಳುತ್ತ ಎರಡೂ ಕೈ ಜೋಡಿಸಿದರು. ಆ ಜಂಬದ ಮನುಷ್ಯ, ಮೊಮ್ಮಗಳ ವಯಸ್ಸಿನ ಹುಡುಗಿಗೆ, ಬಟ್ಟೆಯ ನೊರೆ ಹರಿಯುವ ಜಾಗದಲ್ಲಿ ನಿಂತು ಕೈ ಮುಗಿದರು. ಅವರು ಬೇಡುತ್ತಿದ್ದದ್ದು ನನ್ನ ತಪ್ಪಿಗೆ ಕ್ಷಮೆ. ನಾನು ಅವರ ಪಕ್ಕದಲ್ಲಿದ್ದೆ. ಡ್ರಮ್ಮಿನೊಳಗಿನ ಆ ಕಪ್ಪು ಶೂವನ್ನು ನನ್ನ ಕಣ್ಣಾರೆ ನೋಡಿಯಾಗಿತ್ತು. ಬಾಯಿ ತೆರೆಯಲಿಲ್ಲ.

"ಅಯ್ಯ ಸರ, ಹಂಗೆಲ್ಲ ಮಾಡಬ್ಯಾಡ್ರಿ," ಎಂದು ಹುಡುಗಿ ಅವರ ಕೈ ಹಿಡಿದು ಇಳಿಸಿದಳು. ಕಲಿಯುವ ಮಾತಿಗೆ, "ನೋಡೂಣ್ರಿ ಸರ," ಎಂದಳು.

ಹಿಂದಿರುಗುವಾಗ ಮಾಸ್ತರರು ಹಗುರಾಗಿದ್ದರು. ರಸ್ತೆಯಲ್ಲಿ ಹೋಗುವ ಆಟೋದವನೊಬ್ಬನಿಗೆ ಏನೋ ಬೈದರು ಕೂಡ.

ಆ ಹಗುರ ಹೆಚ್ಚು ದಿನ ಉಳಿಯಲಿಲ್ಲ. ಅವರು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ಸ್ಕೂಟರನ್ನೂ ಅಳಿಯನಿಗೆ ಕೊಟ್ಟರು. ಆಟೋದಲ್ಲಿ, ಬಸ್ಸಿನಲ್ಲಿ ಕೂತರೆ ಎಡಗಾಲನ್ನು ಬಲಗಾಲಿನ ಮೇಲಿಟ್ಟು ಒತ್ತಿ ಹಿಡಿಯುತ್ತಿದ್ದರು, ಕಳ್ಳನನ್ನು ಹಿಡಿದುಕೊಂಡು ಪೊಲೀಸರಿಗಾಗಿ ಕಾಯುವವರ ಹಾಗೆ. ನಿಂತ ಬಸ್ಸುಗಳನ್ನು ನೋಡಿ ಚಾಲಕನ ಸಂಸಾರ ಹೇಳುವುದು ನಿಂತಿತು. ಒಮ್ಮೆ ನಾನೇ ಎಳೆದೆ: "ಇವಂದ ಏನ್ರಿ ಮಾಸ್ತರ, ಜಗಳೇನು?" ಅವರು ಬಸ್ಸಿನ ಕಡೆ ನೋಡಲೇ ಇಲ್ಲ. "ನಮ್ಮ ಕಾಲು ನಮಗ ತಿಳೀಲಿಲ್ಲ. ಮಂದಿದು ಏನ್ ಹೇಳೂದು ತಮ್ಮಾ," ಎಂದರು.

ಎಷ್ಟೋ ಸಲ ಹೇಳಲು ಹೋಗಿದ್ದೇನೆ. ಅವರ ಮನೆಯ ಮೆಟ್ಟಿಲಿನವರೆಗೆ, ಚಹಾದ ಲೋಟದವರೆಗೆ. ಕೊನೆಯ ಸಲ ಅವರು ಹಾಸಿಗೆ ಹಿಡಿದಿದ್ದರು. ಬಲಗಾಲಿನ ಕೊನೆಯ ಎರಡು ಬೆರಳು ತೆಗೆದಿದ್ದರು. "ಹೋಗ್ಲಿ ಬಿಡು, ಕೆಲಸಕ್ಕ ಬಾರದ್ದ ಕಾಲು," ಎಂದರು. ಅದು ಬಹಳ ಒಳ್ಳೆಯ ಕಾಲಾಗಿತ್ತು ಎಂದು ಹೇಳಬೇಕಾದವನು ನಾನೊಬ್ಬನೇ. ಹಣ್ಣಿನ ಚೀಲ ಇಟ್ಟು ಬಂದೆ.

ಅವರು ಹೋದ ಮೇಲೆ ಉಳಿದವಳು ಆ ಹುಡುಗಿ. ವಿಚಾರಿಸಿದೆ. ಮದುವೆಯಾಗಿ ದಿಲ್‌ಸುಖ್‌ನಗರದ ಕಡೆ ಇದ್ದಾಳೆ, ಕೋಚಿಂಗ್ ಹುಡುಗರ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಾಳೆ ಎಂದು ತಿಳಿಯಿತು. ಹೋದ ವಾರ ಹೋದೆ. ಅಡುಗೆಮನೆಯಲ್ಲಿ ಈಳಿಗೆಮಣೆಯ ಮುಂದೆ ಕೂತು ಸೋರೆಕಾಯಿ ಹೆಚ್ಚುತ್ತಿದ್ದಳು. ಗುರುತು ಹಿಡಿದು, "ಬರ್ರಿ ಕಾಕಾ," ಎಂದಳು. ಮಾಸ್ತರರು ತೀರಿಕೊಂಡ ಸುದ್ದಿ ಹೇಳಿದೆ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ದೊಡ್ಡ ಮನಸ್ಸಿನವರ್ರಿ. ನಮ್ಮ ಮನೀ ತನಕ ಬಂದು ಕೈ ಮುಗದಿದ್ರು."

ಆಗ ಹೇಳಿದೆ. ಸೀಲು, ಕತ್ತರಿಸಿದ ಸ್ಪ್ರಿಂಗು, ಎಣ್ಣೆ ಕುಡಿದ ಶೂ, ಎಲ್ಲ. ಹೆಚ್ಚುವುದು ನಿಂತಿತ್ತು.

"ಅಂದ್ರ ಅವತ್ತ ಸರನೂ ಒತ್ತಿರಲಿಲ್ಲ?"

"ಇಲ್ಲವಾ."

"ನಾನೂ ಒತ್ತಿರಲಿಲ್ಲ?"

"ನೀ ಮೆತ್ತಗ ಮುಟ್ಟಿದ್ದಿ. ನೀ ಹೇಳಿದ್ದ ಖರೇ."

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಬೇಳೆ ಉಕ್ಕಿತು. ಎದ್ದು ಉರಿ ಸಣ್ಣ ಮಾಡಿ ಬಂದು ಕೂತಳು.

"ಸರ ಹೇಳಿದ್ದು ನಾ ನಂಬಿರಲಿಲ್ಲ ಕಾಕಾ," ಎಂದಳು. "ತಪ್ಪು ನಂದ, ನನಗ ಕೆಟ್ಟ ಅನಸಬಾರದಂತ ಪಾಪ ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ ಅಂದ್ಕೊಂಡೆ. ಅಷ್ಟು ದೊಡ್ಡ ಡ್ರೈವರ, ಅವರ ಕಾಲು ಹೆಂಗ ತಪ್ಪತೈತಿ? ಅದಕ್ಕ ಮತ್ತ ಕಲ್ಯಾಕ ಹೋಗಲಿಲ್ಲ. ವ್ಯಾನಿನ್ಯಾಗ ಮಂದಿ ಮಕ್ಕಳಿರತಾವ, ನನ್ನ ಕಾಲಿನ ಮ್ಯಾಲ ನನಗ ಭರೋಸಾ ಇರಲಿಲ್ಲ."

ಹೆಚ್ಚಿದ್ದ ಹೋಳುಗಳನ್ನು ಬುಟ್ಟಿಗೆ ಸುರಿದಳು.

"ಸರಗ ಹೇಳಿದ್ರಿ, ಇದನ್ನ?"

"ಇಲ್ಲವಾ. ಹೇಳಲಿಲ್ಲ."

"ಅವತ್ತ ನೀವೂ ಇದ್ರಲ್ಲ, ಅವರ ಜೋಡಿ. ಅವರು ಕೈ ಮುಗಿಯೂ ಮುಂದ."

"ಇದ್ದೆ."

ನನಗೆ ಬೈಯಬಹುದು, ಎದ್ದು ಹೋಗು ಎನ್ನಬಹುದು ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ. ಅವಳು ಬಲಗಾಲನ್ನು ಈಳಿಗೆಮಣೆಯ ಮೇಲಿಟ್ಟು ಭದ್ರವಾಗಿ ಒತ್ತಿ, ಸೋರೆಕಾಯಿ ಕೈಗೆತ್ತಿಕೊಂಡಳು.

"ಹುಡುಗ್ರು ಊಟಕ್ಕ ಬರೂ ಹೊತ್ತಾತು," ಎಂದಳು. "ನೀವು ಹೋಗಿ ಬರ್ರಿ."